ಅಮ್ಮನ ಮಂಚದಿಂದ ಬಾತ್‌ರೂಮಿನವರೆಗೆ: ಮುಂಬಯಿ ಫ್ಲ್ಯಾಟಿನಲ್ಲಿ ಹಿರಿಯರಿಗೆ ಒಗ್ಗುವ ಒಳಾಂಗಣ

ಪ್ರಶ್ನೆ: ನಾವಿರುವುದು ಡೊಂಬಿವಲಿ ಪೂರ್ವದಲ್ಲಿ, ಸುಮಾರು 25 ವರ್ಷ ಹಳೆಯ ಕಟ್ಟಡದ ಮೂರನೇ ಮಹಡಿಯ 2 ಬಿಎಚ್‌ಕೆಯಲ್ಲಿ. ಕುಂದಾಪುರದ ಹತ್ತಿರ ಊರಲ್ಲಿ ಒಬ್ಬರೇ ಇರುವ ಅಮ್ಮ ಸದ್ಯದಲ್ಲೇ ಬಂದು ಇನ್ನು ನಮ್ಮೊಂದಿಗೇ ಇರುತ್ತಾರೆ. ವಯಸ್ಸು 76. ಎರಡೂ ಮೊಣಕಾಲು ನೋವು, ಬಿಪಿ ಮಾತ್ರೆ ಇದೆ, ರಾತ್ರಿ ಎರಡು ಸಲವಾದರೂ ಬಾತ್‌ರೂಮಿಗೆ ಏಳುತ್ತಾರೆ. ನಾನೂ ಹೆಂಡತಿಯೂ ಬೆಳಿಗ್ಗೆ ಲೋಕಲ್ ಹಿಡಿದು ಹೊರಟರೆ ಮರಳುವುದು ಸಂಜೆ ಏಳಕ್ಕೆ. ಹಗಲೆಲ್ಲ ಅಮ್ಮ ಒಬ್ಬರೇ. ಇಂಟೀರಿಯರ್ ಕಾಂಟ್ರಾಕ್ಟರ್ ಫಾಲ್ಸ್ ಸೀಲಿಂಗ್, ಹೈಡ್ರಾಲಿಕ್ ಬಾಕ್ಸ್ ಬೆಡ್, ಹೊಳೆಯುವ ದೊಡ್ಡ ಟೈಲ್ಸ್ ಎಂದು ಕೊಟೇಶನ್ ಕೊಟ್ಟಿದ್ದಾರೆ. ಬಾತ್‌ರೂಮಿಗೆ ಹಿಡಿಕೆ ಹಾಕಿಸೋಣ ಎಂದರೆ ಅಮ್ಮ "ನಾನೆಂತ ರೋಗಿಯಾ?" ಎಂದು ಕೇಳುತ್ತಾರೆ. ಎಲ್ಲಕ್ಕೂ ದುಡ್ಡು ಸಾಲುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆ ಕೊಟೇಶನ್ನನ್ನು ಸದ್ಯಕ್ಕೆ ಮಡಚಿಡಿ. ಅದರಲ್ಲಿರುವ ಮೂರು ಬಾಬತ್ತುಗಳಲ್ಲಿ ಒಂದೂ ನಿಮ್ಮ ಅಮ್ಮನಿಗೆ ಬೇಕಾದದ್ದಲ್ಲ, ಎರಡಂತೂ ನೇರವಾಗಿ ತೊಂದರೆ ಕೊಡುವಂಥವು. ಮೊದಲ ಖರ್ಚು ಹೋಗಬೇಕಾದದ್ದು ಅಮ್ಮನ ಮಂಚದಿಂದ ಕಮೋಡ್‌ವರೆಗಿನ ಹತ್ತು ಹದಿನೈದು ಅಡಿ ದಾರಿಗೆ. ನಿದ್ದೆಗಣ್ಣು, ಮಲಗಿದ್ದಲ್ಲಿಂದ ಏಳುವಾಗ ಇಳಿಯುವ ಬಿಪಿ, ಕತ್ತಲು, ಅವಸರ, ಒದ್ದೆ ನೆಲ, ಇವೆಲ್ಲ ಒಟ್ಟಿಗೇ ಸೇರುವುದು ಆ ದಾರಿಯಲ್ಲಿ, ಅದೂ ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರು 60 ದಾಟಿದವರು. ಜೀವ ಉಳಿದರೂ ಸೊಂಟದ ಹತ್ತಿರ ತೊಡೆಮೂಳೆ ಮುರಿದರೆ ಅನೇಕರು ಮೊದಲಿನ ನಡಿಗೆಗೆ ಮರಳುವುದಿಲ್ಲ. ಏನೂ ಮುರಿಯದೆ ಬರೀ ಬಿದ್ದರೂ ಮನಸ್ಸಿನಲ್ಲಿ ಹೆದರಿಕೆ ಕೂರುತ್ತದೆ. ಹೆದರಿ ಓಡಾಟ ಕಡಿಮೆ ಮಾಡುತ್ತಾರೆ, ಓಡಾಟ ಕಡಿಮೆಯಾಗಿ ಕಾಲಿನ ಬಲ ಹೋಗುತ್ತದೆ, ಬಲ ಹೋದ ಕಾಲು ಮತ್ತೆ ಬೀಳಿಸುತ್ತದೆ.

ಯಾವುದನ್ನೂ ಕೊಳ್ಳುವ ಮೊದಲು ಅಮ್ಮನ ಅಳತೆ ತೆಗೆದುಕೊಳ್ಳಿ. ಗಟ್ಟಿಯಾದ ಕುರ್ಚಿಯಲ್ಲಿ, ಪಾದ ಪೂರ್ತಿ ನೆಲಕ್ಕೂರಿ, ತೊಡೆ ನೆಲಕ್ಕೆ ಸಮನಾಗಿರುವಂತೆ ಕೂರಿಸಿ, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಟೇಪ್ ಹಿಡಿಯಿರಿ. ಮನೆಯೊಳಗೆ ಚಪ್ಪಲಿ ಹಾಕುವ ಅಭ್ಯಾಸವಿದ್ದರೆ ಹಾಕಿಕೊಂಡೇ ಅಳೆಯಬೇಕು. ಐದಡಿ ಆಸುಪಾಸಿನ ಎತ್ತರದವರಲ್ಲಿ ಇದು ಸಾಮಾನ್ಯವಾಗಿ 15 ಇಂಚಿನ ಹತ್ತಿರ ಬರುತ್ತದೆ. ಮೊಣಕಾಲು ನೋವಿರುವವರಿಗೆ ಕೂರುವ ಎತ್ತರ ಈ ಅಳತೆಗಿಂತ ಒಂದರಿಂದ ಎರಡು ಇಂಚು ಜಾಸ್ತಿ ಇರಬೇಕು. ಆಗ ಮೊಣಕಾಲು ಪೂರ್ತಿ ಮಡಚದೆಯೇ ಏಳಬಹುದು. ಕಮೋಡ್, ಮಂಚ, ಕುರ್ಚಿ, ಸ್ನಾನದ ಸ್ಟೂಲ್ ನಾಲ್ಕಕ್ಕೂ ಇದೊಂದೇ ಲೆಕ್ಕ. ಅಂಗಡಿಯವರು "ಸೀನಿಯರ್ ಸಿಟಿಜನ್ ಮಾಡೆಲ್" ಎಂದು 19 ಇಂಚಿನ ಕಮೋಡ್ ತೋರಿಸಿದರೆ, 15 ಇಂಚಿನ ಕಾಲಿನವರಿಗೆ ಅದು ಅತಿಯಾಯಿತು. ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ತೊಡೆಯ ಹಿಂಭಾಗ ಒತ್ತಿ ಕಾಲು ಜೋಮು ಹಿಡಿಯುತ್ತದೆ, ಮುಕ್ಕಲು ಆಧಾರವೂ ಸಿಗುವುದಿಲ್ಲ. ಎತ್ತರವಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ.

ಇನ್ನೊಂದು ಅಳತೆ, ಅಮ್ಮ ಕೈ ಇಳಿಬಿಟ್ಟು ನಿಂತಾಗ ನೆಲದಿಂದ ಮಣಿಕಟ್ಟಿನವರೆಗಿನ ಎತ್ತರ. ಊರುಗೋಲು, ವಾಕರ್ ಬೇಕಾದ ದಿನ ಅದರ ಹಿಡಿಯ ಎತ್ತರ ಇದೇ.

ಈಗ ಬಾತ್‌ರೂಮು. ನಿಮ್ಮ ಕಾಲದ ಕಟ್ಟಡಗಳಲ್ಲಿ ಬಾತ್‌ರೂಮಿನ ನೆಲ ಕೋಣೆಗಿಂತ ಇಂಚು ಎರಡಿಂಚು ತಗ್ಗಿರುತ್ತದೆ, ಬಾಗಿಲಲ್ಲಿ ಕಡಪ ಕಲ್ಲಿನದೋ ಮಾರ್ಬಲ್‌ನದೋ ಪಟ್ಟಿ ಎದ್ದಿರುತ್ತದೆ. ಒಳಹೋಗುವಾಗ ಪಟ್ಟಿಗೆ ಹೆಬ್ಬೆರಳು ತಾಗುತ್ತದೆ, ಹೊರಬರುವಾಗ ಒದ್ದೆ ಕಾಲು ಜಾರುತ್ತದೆ. ಪಟ್ಟಿಯನ್ನು ತೆಗೆಸಿ, ಕೋಣೆಯ ನೆಲದಿಂದ ನಾಲ್ಕು ಸೂತ್, ಅಂದರೆ ಅರ್ಧ ಇಂಚಿಗಿಂತ ಹೆಚ್ಚು ಏಳದ ಹೊಸ ಪಟ್ಟಿ ಕೂರಿಸಿ. ಎರಡೂ ಅಂಚು ಇಳಿಜಾರಾಗಿ ಪಾಲಿಶ್ ಆಗಿರಲಿ, ಬಣ್ಣ ಎರಡೂ ಕಡೆಯ ಟೈಲ್ಸ್‌ಗಿಂತ ಎದ್ದು ಕಾಣಲಿ. ಒಳಗಿನ ತಗ್ಗಿಗೆ ರ‍್ಯಾಂಪ್ ಮಾಡಿಕೊಡುತ್ತೇನೆ ಎಂದು ಗಾರೆಯವರು ಹೇಳಬಹುದು. ಬೇಡವೆನ್ನಿ. ರ‍್ಯಾಂಪಿನ ಓಟ 1:12 ಇರಬೇಕು, ಎರಡಿಂಚಿಗೆ ಎರಡಡಿ ಬೇಕು. ನಾಲ್ಕು ಅಡಿ ಅಗಲದ ಬಾತ್‌ರೂಮಿನಲ್ಲಿ ಎರಡಡಿ ಒದ್ದೆ ಇಳಿಜಾರಿಗಿಂತ, ಚೆನ್ನಾಗಿ ಕಾಣುವ ಒಂದು ಮೆಟ್ಟಿಲೂ ಪಕ್ಕದಲ್ಲಿ ಹಿಡಿಯಲು ನೆಟ್ಟಗಿನ ಒಂದು ಬಾರೂ ಎಷ್ಟೋ ಸುರಕ್ಷಿತ.

ನೆಲವನ್ನೆಲ್ಲ ಒಡೆಯುವ ವಿಷಯದಲ್ಲಿ ಅವಸರ ಬೇಡ. ಹಳೆಯ ಬಾತ್‌ರೂಮಿನ ಟೈಲ್ಸ್ ಅಡಿಯಲ್ಲಿ ಇಟ್ಟಿಗೆ ಚೂರಿನ ಕೋಬಾ, ಅದರಡಿ ವಾಟರ್‌ಪ್ರೂಫಿಂಗ್ ಇರುತ್ತದೆ. ಡ್ರಿಲ್ ಮೆಷಿನ್ ಹಾಕಿ ಒಡೆದರೆ ಆ ಪದರ ಹರಿದು ಕೆಳಗಿನ ಮನೆಯ ಸೀಲಿಂಗಿನಲ್ಲಿ ಒದ್ದೆ ಮೂಡುತ್ತದೆ, ಆಮೇಲೆ ಸೊಸೈಟಿಯ ಪತ್ರಗಳು ಶುರು. ಒಡೆಯಲೇಬೇಕಾದರೆ ಸೊಸೈಟಿಗೆ ಮೊದಲೇ ಬರೆದುಕೊಟ್ಟು, ಪೂರ್ತಿ ಹೊಸ ವಾಟರ್‌ಪ್ರೂಫಿಂಗ್ ಮಾಡಿಸಿ, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಕಿಂಡಿ) ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯವರ ಸೀಲಿಂಗ್ ನೋಡಿಕೊಂಡ ಮೇಲಷ್ಟೇ ಟೈಲ್ಸ್ ಹಾಕಿಸಿ. ಆ ಟೈಲ್ಸ್ ಒಂದಡಿಗೆ ಒಂದಡಿಯ ಮ್ಯಾಟ್ ಆ್ಯಂಟಿಸ್ಕಿಡ್ ಆಗಿರಲಿ. ಸಣ್ಣ ಟೈಲ್ಸ್‌ನಲ್ಲಿ ಸಂದು ಹೆಚ್ಚು, ಸಂದಿನಲ್ಲಿ ಪಾದಕ್ಕೆ ಹಿಡಿತ ಸಿಗುತ್ತದೆ, ನಹಾನಿಯ ಕಡೆಗೆ ಇಳಿಜಾರು ಕೊಡುವುದೂ ಸುಲಭ. ಜಾರುವಿಕೆಯ ದರ್ಜೆ ಆರ್10 ಅಥವಾ ಆರ್11 ಎಂದು ಪೆಟ್ಟಿಗೆಯ ಮೇಲೆ ಇದೆಯೇ ನೋಡಿ. ಅಂಗಡಿಯಲ್ಲೇ ಟೈಲ್ ನೆಲಕ್ಕಿಟ್ಟು, ಸೋಪಿನ ನೀರು ಸುರಿದು, ಬರಿಗಾಲಲ್ಲಿ ಉಜ್ಜಿ ನೋಡಿ. ಒಣಗಿದ ಟೈಲ್ ಮೇಲೆ ಕೈಯಾಡಿಸಿ ಏನೂ ಗೊತ್ತಾಗುವುದಿಲ್ಲ.

ಈಗಿರುವ ನೆಲ ಗಟ್ಟಿಯಿದ್ದರೆ ಆ್ಯಸಿಡ್ ಆಧಾರದ ಆ್ಯಂಟಿಸ್ಕಿಡ್ ಟ್ರೀಟ್‌ಮೆಂಟ್ ಮಾಡಿಸಬಹುದು. ಅದು ಟೈಲ್ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ ಮಾಡಿ ಒದ್ದೆಯಲ್ಲೂ ಹಿಡಿತ ಕೊಡುತ್ತದೆ. ಮನೆಯವರೇ ಕೈಹಾಕುವ ಕೆಲಸವಲ್ಲ, ಕೆಲಸದವರು ಕೈಗವಸು ಹಾಕಿ ಮಾಡಬೇಕು. ಎಂಥ ಟೈಲ್ ಆದರೂ ಸೋಪಿನ ಜಿಡ್ಡು ಕೂತರೆ ಜಾರಿಯೇ ಜಾರುತ್ತದೆ. ನಿಮ್ಮ ಅಮ್ಮನಿಗೆ ವಾರಕ್ಕೊಮ್ಮೆ ಎಣ್ಣೆಸ್ನಾನದ ಅಭ್ಯಾಸವಿದ್ದರೆ ಇದನ್ನು ಇನ್ನೂ ಗಮನಿಸಿ. ಕೊಬ್ಬರಿ ಎಣ್ಣೆಯೂ ಸೋಪಿನ ನೊರೆಯೂ ಬೆರೆತ ನೆಲ ಮನೆಯಲ್ಲೇ ಅತ್ಯಂತ ಅಪಾಯದ ಜಾಗ. ಎಣ್ಣೆ ಹಚ್ಚಿಕೊಳ್ಳುವುದು ಕೋಣೆಯಲ್ಲಿ ಕುರ್ಚಿಯ ಮೇಲೆ ಆಗಲಿ, ಅಂಗಾಲಿಗೆ ಹಚ್ಚುವುದು ಬೇಡ, ಸ್ನಾನವಾದ ಕೂಡಲೇ ಡಿಟರ್ಜೆಂಟ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ಬಿಸಿನೀರು ಹೊಯ್ಯುವ ಕೆಲಸ ನಿಮ್ಮದಾಗಲಿ. ಹೀರುಬಟ್ಟಲಿನ (ಸಕ್ಷನ್ ಕಪ್) ಪ್ಲಾಸ್ಟಿಕ್ ಮ್ಯಾಟ್ ಹಾಸಿದರೆ ದಿನಾ ಎತ್ತಿ ಒಣಗಿಸಬೇಕು, ಇಲ್ಲವೆಂದರೆ ಅಡಿಯಲ್ಲಿ ಪಾಚಿ ಕಟ್ಟಿ ಮ್ಯಾಟೇ ಜಾರುತ್ತದೆ.

ಬಾಗಿಲು ಹೊರಗೆ ತೆರೆಯಬೇಕು. ಇದರಲ್ಲಿ ರಾಜಿ ಇಲ್ಲ. ಒಳಗೆ ತೆರೆಯುವ ಬಾಗಿಲಿನ ಹಿಂದೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತಳ್ಳಿದಷ್ಟೂ ಅವರಿಗೇ ಪೆಟ್ಟು. ಹೊರಗಡೆ ಪ್ಯಾಸೇಜ್ ತೀರಾ ಇಕ್ಕಟ್ಟಾದರೆ ಮಡಚುವ ಬಾಗಿಲು ಹಾಕಿಸಿ. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯಬಹುದಾದ ಲ್ಯಾಚ್ ಹಾಕಿಸಿ. ಅಗಲವನ್ನು ಬಾಗಿಲು ತೆರೆದಿಟ್ಟು, ಹಲಗೆಯ ದಪ್ಪ ಬಿಟ್ಟು, ಕಾಲು ಹೋಗುವ ಜಾಗವನ್ನಷ್ಟೇ ಅಳೆಯಿರಿ. 24 ಇಂಚಿನ ಹಳೆಯ ಬಾಗಿಲಲ್ಲಿ ವಾಕರ್ ಸಿಕ್ಕಿಹಾಕಿಕೊಳ್ಳುತ್ತದೆ, ಗಾಲಿಕುರ್ಚಿಯಂತೂ ಹೋಗುವುದೇ ಇಲ್ಲ. 32 ಇಂಚು ಸಿಕ್ಕರೆ ಒಳ್ಳೆಯದು, 36 ಸಿಕ್ಕರೆ ಇನ್ನೂ ಒಳ್ಳೆಯದು. ಇಟ್ಟಿಗೆ ಗೋಡೆಯಲ್ಲಿ, ಪಕ್ಕದಲ್ಲಿ ಆರ್‌ಸಿಸಿ ಕಂಬ ಇಲ್ಲದಿದ್ದರೆ, ಬಾಗಿಲು ಅಗಲ ಮಾಡಬಹುದು. ಆದರೆ ಬಾಗಿಲ ಮೇಲಿನ ಭಾರ ಹೊರುವ ಅಡ್ಡತೊಲೆ, ಅಂದರೆ ಲಿಂಟೆಲ್, ಎಲ್ಲಿಯವರೆಗೆ ಹೋಗಿದೆ ಎಂದು ಸಿವಿಲ್ ಎಂಜಿನಿಯರ್ ನೋಡಬೇಕು, ಕಾಂಟ್ರಾಕ್ಟರ್ ಬಾಯಿಮಾತು ಸಾಲದು. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು: ಮಿವಾನ್ ಶಟರಿಂಗ್‌ನಲ್ಲಿ, ಅಂದರೆ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು, ಕಟ್ಟಿದ ಹೊಸ ಟವರ್‌ಗಳಲ್ಲಿ ಒಳಗೋಡೆಗಳೂ ಆರ್‌ಸಿಸಿಯೇ, ಕಟ್ಟಡದ ಭಾರ ಹೊರುವಂಥವು. ಅಲ್ಲಿ ಬಾಗಿಲು ಅಗಲ ಮಾಡುವ ಮಾತೇ ಎತ್ತಬಾರದು. ಬಾಗಿಲನ್ನು ಚೌಕಟ್ಟಿನಿಂದ ಪೂರ್ತಿ ಹೊರಗೆ ಸರಿಸುವ ಆಫ್‌ಸೆಟ್ ಹಿಂಜ್ ಹಾಕಿದರೆ ಒಂದೂವರೆ ಇಂಚಿನಷ್ಟು ಜಾಗ ಸಿಗುತ್ತದೆ, ಅಷ್ಟೇ.

ಕಮೋಡ್. ಈಗಿರುವುದರ ಎತ್ತರ ಸೀಟಿನ ಮೇಲ್ಭಾಗಕ್ಕೆ 15–16 ಇಂಚು ಇರಬಹುದು. ಅಮ್ಮನ ಅಳತೆಗೆ ಇಂಚೆರಡಿಂಚು ಕಡಿಮೆ ಬಿದ್ದರೆ ಕಮೋಡ್ ಬದಲಿಸಬೇಕಿಲ್ಲ. ಬೌಲ್‌ಗೆ ಕ್ಲ್ಯಾಂಪ್ ಬಿಗಿಯುವ ಎತ್ತರದ ಸೀಟು ಸಿಗುತ್ತದೆ. ಕ್ಲ್ಯಾಂಪ್ ಇಲ್ಲದೆ ಸುಮ್ಮನೆ ಇಡುವಂಥದ್ದು ಬೇಡ, ಒಂದು ಕಡೆ ಭಾರ ಬಿದ್ದರೆ ಜಾರಿ ವಾಲುತ್ತದೆ. ಬದಲಿಸುವುದೇ ಆದರೆ ಗೋಡೆಗೆ ತೂಗುವ ಕಮೋಡನ್ನು ಬೇಕಾದ ಎತ್ತರಕ್ಕೆ ಕೂರಿಸಬಹುದು. ಆದರೆ ನಾಲ್ಕಿಂಚಿನ ಇಟ್ಟಿಗೆ ಗೋಡೆ ಆ ಭಾರ ತಡೆಯದು, ನೆಲಕ್ಕೆ ಬೋಲ್ಟ್ ಮಾಡಿದ ಉಕ್ಕಿನ ಫ್ರೇಮ್ ಬೇಕು. ನೆಲದ ಕಮೋಡನ್ನೇ ಗ್ರಾನೈಟ್ ಪೀಠದ ಮೇಲೆ ಎತ್ತುವುದು ಇನ್ನೊಂದು ದಾರಿ. ಅಲ್ಲಿ ಆಗುವ ತಪ್ಪು ಒಂದೇ ತರಹದ್ದು: ಪೀಠ ಕಮೋಡಿನ ಬುಡಕ್ಕಿಂತ ಮುಂದೆ ಚಾಚಿರುತ್ತದೆ, ಕೂತವರ ಪಾದವೂ ಪೀಠದ ಮೇಲೇ ಬಂದು ಎತ್ತರಿಸಿದ್ದು ವ್ಯರ್ಥವಾಗುತ್ತದೆ, ಏಳುವಾಗ ಅಂಚಿನಿಂದ ಕಾಲು ತಪ್ಪುತ್ತದೆ. ಪೀಠ ಬುಡದ ಆಕಾರಕ್ಕೇ ಕತ್ತರಿಸಿರಬೇಕು. ಜೆಟ್ ಸ್ಪ್ರೇ ಹಿಂದಿನ ಗೋಡೆಯಲ್ಲಿದ್ದರೆ ಕೂತವರು ಮೈ ತಿರುಚಬೇಕಾಗುತ್ತದೆ, ಬಲಗೈ ಪಕ್ಕದ ಗೋಡೆಗೆ, ಸೀಟಿನ ಮುಂಭಾಗದ ನೇರಕ್ಕೆ ತನ್ನಿ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್ ಇದ್ದಲ್ಲಿ ಕಣ್ಣು ಮಂಜಾದವರಿಗೆ ಸೀಟಿನ ಅಂಚು ಗೊತ್ತಾಗುವುದಿಲ್ಲ. ಬೇರೆ ಬಣ್ಣದ ಸೀಟ್ ಕವರ್ ಹಾಕಿದರೆ ಸಾಕು.

ಇನ್ನು ಹಿಡಿಕೆ, ಅಂದರೆ ಗ್ರ್ಯಾಬ್ ಬಾರ್. ಸೆಳೆಯುವಾಗ ನೂರಕ್ಕೂ ಹೆಚ್ಚು ಕಿಲೋ ಭಾರ ತಡೆಯಬೇಕಾದ ಈ ಸಾಮಾನನ್ನು ಬಹಳ ಕಡೆ ಟವೆಲ್ ರಾಡ್ ಹಾಕಿದಂತೆ ಹಾಕಿರುತ್ತಾರೆ. ಹಾಗೆ ಹಾಕಿದ ಬಾರ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು, ನಂಬಿ ಹಿಡಿದ ಕ್ಷಣದಲ್ಲೇ ಅದು ಕಿತ್ತುಬರುತ್ತದೆ. ಎಸ್‌ಎಸ್ 304 ದರ್ಜೆಯ ಸ್ಟೀಲ್ ಇರಲಿ, ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಹಿಡಿವ ಜಾಗ ನಯವಾಗಿ ಹೊಳೆಯದೆ ಸ್ವಲ್ಪ ತರಿತರಿಯಾಗಿರಲಿ. ಗೋಡೆಗೂ ಬಾರಿಗೂ ನಡುವೆ ಒಂದೂವರೆ ಇಂಚು ಸಂದು. ಕಡಿಮೆಯಾದರೆ ಬೆರಳಗಂಟು ಗೋಡೆಗೆ ತಾಗುತ್ತದೆ, ಜಾಸ್ತಿಯಾದರೆ ಜಾರಿದಾಗ ಮುಂಗೈ ಸಂದಿನೊಳಗೆ ಹೊಕ್ಕು ಮೂಳೆ ಮುರಿಯಬಹುದು. ಹೀರುಬಟ್ಟಲಿನಿಂದ ಗೋಡೆಗೆ ಅಂಟಿಸುವ ಬಾರ್ ಖಂಡಿತ ಬೇಡ.

ಗೋಡೆ ಎಂಥದ್ದು ಎಂಬುದನ್ನು ನೋಡಿ ಫಾಸ್ಟನರ್ ಆರಿಸಬೇಕು. ಆರ್‌ಸಿಸಿಯಾದರೆ ಸಾಮಾನ್ಯ ಆಂಕರ್ ಫಾಸ್ಟನರ್ ಭದ್ರವಾಗಿ ಕೂರುತ್ತದೆ. ನಾಲ್ಕಿಂಚಿನ ಇಟ್ಟಿಗೆ ಪಾರ್ಟಿಶನ್‌ನಲ್ಲಿ ಅದೇ ಆಂಕರ್ ಹಿಗ್ಗಿ ಇಟ್ಟಿಗೆಯನ್ನೇ ಸೀಳುತ್ತದೆ, ಸಿಪೊರೆಕ್ಸ್‌ನಂಥ ಹಗುರ ಬ್ಲಾಕ್‌ನಲ್ಲಿ ಪುಡಿ ಮಾಡುತ್ತದೆ. ಅಲ್ಲಿ ಗೋಡೆಯ ಆಚೆ ಬದಿಗೂ ತೂತು ಕೊರೆದು, ಆ ಕಡೆ ಸ್ಟೀಲ್ ಪ್ಲೇಟ್ ಇಟ್ಟು ಆರಪಾರ ಬೋಲ್ಟ್ ಹಾಕುವುದು ಎಲ್ಲಕ್ಕಿಂತ ಗಟ್ಟಿ. ಆಚೆ ಬದಿಯಲ್ಲಿ ಕಪಾಟು ಇದ್ದರೆ ಪ್ಲೇಟ್ ಕಾಣುವುದೂ ಇಲ್ಲ. ಆಗದಿದ್ದರೆ ತೂತಿಗೆ ಗಟ್ಟಿಯಾಗುವ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್. ಪ್ಲಾಸ್ಟಿಕ್ ಗಿಟಕ್ (ಪ್ಲಗ್) ಹೊಡೆದು ಸ್ಕ್ರೂ ಬಿಗಿಯುವವರನ್ನು ಅಲ್ಲೇ ನಿಲ್ಲಿಸಿ. ಕೊರೆಯುವ ಮೊದಲು ಟೈಲ್ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಿಂದೆ ಸಿಮೆಂಟ್ ತುಂಬಿಲ್ಲ, ಬೋಲ್ಟ್ ಬಿಗಿದಾಗ ಟೈಲ್ ಒಡೆಯುತ್ತದೆ. ಟೈಲ್ ದಾಟುವವರೆಗೆ ಹ್ಯಾಮರ್ ಬಂದ್ ಮಾಡಿ ಟೈಲ್ ಬಿಟ್‌ನಲ್ಲೇ ಕೊರೆಯಬೇಕು, ತೂತು ಟೈಲಿನ ಅಂಚಿಗೆ ತೀರಾ ಹತ್ತಿರ ಬರಬಾರದು. ನಲ್ಲಿ, ಗೀಸರ್, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ಇವುಗಳ ನೇರ ಮೇಲೆ ಕೆಳಗೆ ಮತ್ತು ಅಡ್ಡಕ್ಕೆ ಗೋಡೆಯೊಳಗೆ ಪೈಪ್ ಇರುವ ಸಂಭವ ಹೆಚ್ಚು, ಆ ಗೆರೆಗಳನ್ನು ತಪ್ಪಿಸಿ. ಬೋಲ್ಟ್ ಹಾಕುವ ಮುನ್ನ ತೂತಿಗೆ ಸಿಲಿಕಾನ್ ತುಂಬಿಸಿ, ನೀರು ಗೋಡೆಯೊಳಗೆ ಇಳಿಯದಿರಲಿ. ಕೆಲಸ ಮುಗಿದ ಮೇಲೆ ಹಾಕಿದವರೇ ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಭಾರ ಬಿಟ್ಟು ಜಗ್ಗಿ ತೋರಿಸಲಿ, ಆಮೇಲೆ ದುಡ್ಡು ಕೊಡಿ.

ಎಲ್ಲೆಲ್ಲಿ? ಬಾಗಿಲ ಪಕ್ಕ ನೆಟ್ಟಗೆ ಒಂದು. ಕಮೋಡಿನ ಪಕ್ಕದ ಗೋಡೆಗೆ ಸೀಟಿನಿಂದ ಸುಮಾರು 8–9 ಇಂಚು ಮೇಲೆ ಅಡ್ಡಕ್ಕೆ ಒಂದು, ಸೀಟಿನ ಮುಂಚಾಚಿಗಿಂತ ಅರ್ಧ ಅಡಿ ಮುಂದೆ ನೆಟ್ಟಗೆ ಒಂದು. ಇವೆರಡರ ಬದಲು ಎಲ್ ಆಕಾರದ ಒಂದೇ ಬಾರ್ ಸಿಗುತ್ತದೆ. ಸ್ನಾನದ ಜಾಗದಲ್ಲಿ ಇನ್ನೊಂದು. ಕಮೋಡಿನ ನಡುಮಧ್ಯದಿಂದ ಪಕ್ಕದ ಗೋಡೆ 18 ಇಂಚಿಗಿಂತ ದೂರವಿದ್ದರೆ ಗೋಡೆಯ ಬಾರಿಗೆ ಕೈ ಎಟುಕದು, ಹಿಂಗೋಡೆಯಿಂದ ಮಡಚಿ ಇಳಿಸುವ ಬಾರ್ ಬೇಕು. ಆದರೆ ಇವೆಲ್ಲ ಪುಸ್ತಕದ ಅಳತೆ, ಕೊನೆಯ ಮಾತು ಅಮ್ಮನ ಕೈಯದು. ಅಮ್ಮ ಬಂದ ಮೇಲೆ ಕಮೋಡಿನಲ್ಲಿ ಬಟ್ಟೆ ಹಾಕಿಕೊಂಡೇ ಕೂತು ಎರಡು ಮೂರು ಸಲ ಎದ್ದು ತೋರಿಸಲಿ. ಪ್ರತಿ ಸಲವೂ ಅಂಗೈ ತಾನಾಗಿ ಗೋಡೆಯ ಒಂದೇ ಜಾಗ ಹುಡುಕುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಬಾರ್ ಅಲ್ಲಿಗೇ ಬರಲಿ. ಯಾವ ಮೊಣಕಾಲು ಹೆಚ್ಚು ನೋಯುತ್ತದೆ, ಯಾವ ಭುಜ ಎತ್ತಲಾಗುವುದಿಲ್ಲ ಎಂಬುದೆಲ್ಲ ಆ ಗುರುತಿನಲ್ಲೇ ಬಂದುಬಿಡುತ್ತದೆ.

"ನಾನೆಂತ ರೋಗಿಯಾ?" ಎಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ. ಜಾಗ ಅವರೇ ಆರಿಸಲಿ, ಬಣ್ಣ ಅವರೇ ಆರಿಸಲಿ. ಆಸ್ಪತ್ರೆಯ ನೆನಪು ತರುವುದು ಬಿಳಿ ಪ್ಲಾಸ್ಟಿಕ್ ಸಾಮಾನು. ಕಂಚಿನ ಬಣ್ಣದ, ಕಪ್ಪು ಮ್ಯಾಟ್‌ನ ಬಾರ್‌ಗಳು ನಲ್ಲಿಗಳ ಜೊತೆ ಹೊಂದಿಕೊಳ್ಳುವಂತೆ ಸಿಗುತ್ತವೆ. ಮನೆಯ ಇನ್ನೊಂದು ಬಾತ್‌ರೂಮಿಗೂ ಒಂದು ಹಾಕಿಸಿ. ಜಾರುವ ನೆಲ ವಯಸ್ಸು ಕೇಳುವುದಿಲ್ಲ ಎಂಬುದು ನಿಜವೇ ತಾನೇ. ಒಬ್ಬರೇ ನೆಮ್ಮದಿಯಾಗಿ ಸ್ನಾನ ಮಾಡಿಕೊಂಡು ಬರುವುದಕ್ಕಾಗಿ ಈ ಏರ್ಪಾಡು ಎಂದು ಅವರಿಗೆ ತಿಳಿಯಬೇಕು. ಇದಿಲ್ಲದಿದ್ದರೆ ನಾಳೆ ಸ್ನಾನಕ್ಕೂ ಯಾರಾದರೂ ಜೊತೆಗೆ ಬರಬೇಕಾಗುತ್ತದೆ, ಅದು ಯಾವ ತಾಯಿಗೂ ಇಷ್ಟವಾಗುವುದಿಲ್ಲ.

ಸ್ನಾನ ಮಣೆಯ ಮೇಲೆ ಕೂತು ಬಕೆಟ್ ನೀರಲ್ಲೇ ಆಗಬೇಕು ಎನ್ನುವವರಿಗೆ ಬಕೆಟ್ ಬಿಡಿಸಬೇಡಿ, ಮಣೆ ಬಿಡಿಸಿ. ಮೂರಿಂಚಿನ ಮಣೆಯಿಂದ ಏಳುವುದು ಸವೆದ ಮೊಣಕಾಲಿಗೆ ದಿನದ ಅತಿ ಕಷ್ಟದ ಕೆಲಸ. ಅವರ ಅಳತೆಯ ಎತ್ತರದ, ರಬ್ಬರ್ ಬುಡದ, ಕೈಯಿರುವ ಸ್ನಾನದ ಕುರ್ಚಿ ಇಡಿ. ಬಕೆಟ್ ನೆಲದಲ್ಲೇ ಉಳಿದರೆ ಕುರ್ಚಿಯಿಂದ ಬಗ್ಗಿ ಮಗ್ ಅದ್ದಬೇಕಾಗುತ್ತದೆ, ಆಗಲೇ ಮುಗ್ಗರಿಸುವುದು. ಅದಕ್ಕೂ ಹತ್ತು ಹನ್ನೆರಡು ಇಂಚಿನ ಗಟ್ಟಿ ಸ್ಟೂಲ್ ಬೇಕು. ಜೊತೆಗೆ ಉದ್ದ ಪೈಪಿನ ಹ್ಯಾಂಡ್ ಶವರ್ ಹಾಕಿಸಿಡಿ, ಕೆಲ ದಿನದಲ್ಲಿ ಅವರೇ ಅದಕ್ಕೆ ಒಗ್ಗಿಕೊಳ್ಳಬಹುದು. ನೀರು ಬರುವ ಹೊತ್ತಿಗೆ ತುಂಬಿಡುವ ಡ್ರಮ್ಮು ಬಾತ್‌ರೂಮಿನ ಅರ್ಧ ನೆಲ ತಿನ್ನುತ್ತಿದ್ದರೆ ಅದನ್ನು ಬೇರೆಡೆ ಸರಿಸಿ.

ಗೀಸರ್ ಥರ್ಮೋಸ್ಟ್ಯಾಟ್ 50 ಡಿಗ್ರಿಯ ಸುಮಾರಿಗೆ ಇಳಿಸಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ವಯಸ್ಸಾದವರ ಚರ್ಮ ತೆಳು, ಬಿಸಿ ಗೊತ್ತಾಗುವುದೂ ನಿಧಾನ. ಗೀಸರ್ ಲೈನಿಗೆ 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದೆಯೇ ನೋಡಿಸಿ. ನಿಮ್ಮದು ಗ್ಯಾಸ್ ಗೀಸರ್ ಆಗಿದ್ದು ಬಾತ್‌ರೂಮಿನೊಳಗೇ ಇದ್ದರೆ ಈ ಉತ್ತರದಲ್ಲಿರುವ ಎಲ್ಲ ಕೆಲಸಕ್ಕೂ ಮೊದಲು ಅದನ್ನು ಹೊರಗೆ, ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸಿ. ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಆಮ್ಲಜನಕ ಸಾಲದೆ ಉರಿದ ಗ್ಯಾಸ್ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಒಳಗಿದ್ದವರು ಕೂಗಲೂ ಆಗದೆ ಕುಸಿಯುತ್ತಾರೆ.

ಮಂಚದ ವಿಷಯಕ್ಕೆ ಬರೋಣ. ಬಾಕ್ಸ್ ಬೆಡ್ ಬೇಡ ಎನ್ನುವುದಕ್ಕೆ ಕಾರಣ ಅದರ ಬುಡದಲ್ಲಿದೆ. ಕೂತವರು ಏಳಬೇಕಾದರೆ ಪಾದವನ್ನು ಹಿಂದಕ್ಕೆ, ಮಂಚದ ಅಂಚಿನ ಅಡಿಗೆ ಎಳೆದುಕೊಂಡು, ಮೂಗು ಹೆಬ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು. ನೆಲದವರೆಗೂ ಮುಚ್ಚಿದ ಬಾಕ್ಸ್‌ನಲ್ಲಿ ಹಿಮ್ಮಡಿ ಹಲಗೆಗೆ ತಾಗಿ ನಿಲ್ಲುತ್ತದೆ, ಮೈ ಹಿಂದಕ್ಕೇ ಕುಸಿಯುತ್ತದೆ. ನೀವೂ ಒಮ್ಮೆ ಪಾದ ಮುಂದಿಟ್ಟು ಏಳಲು ನೋಡಿ, ತಿಳಿಯುತ್ತದೆ. ಕಾಲಿರುವ ಸಾದಾ ಮಂಚ ಇರಲಿ, ಅಡಿಯಲ್ಲಿ ಕನಿಷ್ಠ ಅರ್ಧ ಅಡಿ ಖಾಲಿ ಬಿಡಿ, ಅಲ್ಲಿ ಟ್ರಂಕು ಡಬ್ಬಿ ತುರುಕಬೇಡಿ. ಎತ್ತರವನ್ನು ಅಮ್ಮ ಕೂತು ಹಾಸಿಗೆ ತಗ್ಗಿದ ಮೇಲೆ ಅಳೆಯಬೇಕು. ಹಾಸಿಗೆಯ ಅಂಚು ಮೆತ್ತಗಿದ್ದರೆ ಕೂತಲ್ಲೇ ಜಾರುತ್ತಾರೆ, ಗಟ್ಟಿ ಅಂಚಿನದು ಬೇಕು. ಅವರು ಇಳಿಯುವ ಬದಿಯಲ್ಲಿ ಮೂರಡಿ ಜಾಗ ಖಾಲಿ ಇರಲಿ, ಆ ಬದಿ ಬಾತ್‌ರೂಮಿನ ಕಡೆಗೇ ಇರಲಿ. ಪಕ್ಕದ ಮೇಜಿಗೆ ಗಾಲಿ ಬೇಡ, ಎದ್ದು ನಿಲ್ಲುವಾಗ ಕೈ ಮೊದಲು ಹೋಗುವುದು ಅದರ ಮೇಲೆಯೇ. ಎದ್ದ ಕೂಡಲೇ ನಡೆಯದೆ ಒಂದೆರಡು ನಿಮಿಷ ಕಾಲಾಡಿಸುತ್ತಾ ಕೂರುವ ಅಭ್ಯಾಸ ಮಾಡಿಸಿ. ಮಲಗಿದಾಗಿನ ಮೇಲಿನ ಬಿಪಿ ನಿಂತ ಮೂರು ನಿಮಿಷದೊಳಗೆ 20 ಅಂಕ ಅಥವಾ ಹೆಚ್ಚು ಇಳಿದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ರಾತ್ರಿ ಏಳುವುದು ಯಾವ ಮಾತ್ರೆಯಿಂದಲಾದರೂ ಹೆಚ್ಚಿದೆಯೇ, ಹೊತ್ತು ಬದಲಿಸಬಹುದೇ ಎಂದೂ ಅವರನ್ನೇ ಕೇಳಿ.

ಬೆಳಕು. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿನದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಹಾಗೆಂದು ಫಾಲ್ಸ್ ಸೀಲಿಂಗ್ ತುಂಬ ಚುಚ್ಚುವ ಸ್ಪಾಟ್‌ಲೈಟ್ ಹಾಕಿದರೆ ಕಣ್ಣು ಕೋರೈಸಿ ನೆರಳು ಹೆಚ್ಚುತ್ತದೆ. ಅದೇ ಬೆಳಕು ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಬಿದ್ದಾಗ ಒಣ ನೆಲ ಒದ್ದೆಯಂತೆಯೂ ಒದ್ದೆ ನೆಲ ಒಣಗಿದಂತೆಯೂ ಕಾಣುತ್ತದೆ. ಕೊಟೇಶನ್ನಿನ ಎರಡು ಬಾಬತ್ತು ಸೇರಿ ಮಾಡುವ ಕೆಡುಕು ಇದು. ಬಲ್ಬ್ ಕಣ್ಣಿಗೆ ನೇರ ಕಾಣದಂತೆ ಹಾಲುಗಾಜಿನ ಮುಚ್ಚಳವಿರುವ ಎಲ್‌ಇಡಿ ಸಾಕು. ರಾತ್ರಿಗೆ ಮಂಚದಿಂದ ಬಾತ್‌ರೂಮಿನವರೆಗೆ ಕಣಕಾಲಿನ ಎತ್ತರದಲ್ಲಿ, ಜನ ಓಡಾಡಿದಾಗ ತಾನೇ ಹೊತ್ತುವ ಹಳದಿ ಬೆಳಕಿನ ಸೆನ್ಸರ್ ದೀಪ ಮೂರು ನಾಲ್ಕು ಹಾಕಿ. ಕೋಣೆಯ ದೀಪಕ್ಕೆ ಮಲಗಿದಲ್ಲೇ ಕೈಗೆಟುಕುವ ಟೂ-ವೇ ಸ್ವಿಚ್ ಇರಲಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಉಂಟಲ್ಲ, ಆ ದಾರಿಯಲ್ಲಿ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬ್ ಒಂದಾದರೂ ಬೇಕು. ಆ ದಾರಿಯ ಕಾಲೊರಸುಗಳನ್ನು ತೆಗೆದುಬಿಡಿ. ಬಾತ್‌ರೂಮಿನ ಎದುರು ಬೇಕೇಬೇಕೆಂದರೆ ಅಡಿಯಲ್ಲಿ ರಬ್ಬರ್ ಇರುವ, ಅಂಚು ಮಡಚದ ಒಂದೇ ಒಂದು.

ಹಗಲು ಒಬ್ಬರೇ ಇರುವ ಅಮ್ಮ ಅಡಿಗೆಮನೆ ಬಿಟ್ಟಿರುವುದಿಲ್ಲ, ಬಿಡಿಸಲೂಬಾರದು. ದಿನಾ ಬಳಸುವ ಪಾತ್ರೆ, ಡಬ್ಬಿ, ಮಿಕ್ಸರ್ ಜಾರು ಎಲ್ಲ ಅವರ ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರಕ್ಕೆ ಇಳಿದು ಬರಲಿ. ಲಾಫ್ಟ್‌ಗೆ ಹತ್ತುವ ಸ್ಟೂಲನ್ನು ಮನೆಯಿಂದಲೇ ಆಚೆ ಹಾಕಿ. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ಒಲೆ ಸಿಗುತ್ತದೆ, ಬದಲಿಸಿಕೊಳ್ಳಿ. ಮೆಟ್ಟುಕತ್ತಿಯ ಮೇಲೆ ಕೂತು ಕಾಯಿ ತುರಿದವರಿಗೆ ನೆಲದ ಆ ಜಾಗ ತಪ್ಪಿಸುವುದು ಬೇಸರದ ಮಾತು. ಊಟದ ಮೇಜಿನ ಅಂಚಿಗೆ ಸ್ಕ್ರೂ ಬಿಗಿದು ನಿಲ್ಲಿಸುವ ತುರಿಮಣೆ ತನ್ನಿ, ಪಕ್ಕದಲ್ಲಿ ಕೈಯಿರುವ ಕುರ್ಚಿ ಇಡಿ, ಕೆಲಸ ಅದೇ, ಕೂರುವ ಎತ್ತರ ಮಾತ್ರ ಬೇರೆ. ದೇವರ ದೀಪವೂ ನಿಂತೋ ಕುರ್ಚಿಯಲ್ಲಿ ಕೂತೋ ಹಚ್ಚುವ ಎತ್ತರಕ್ಕೆ ಏರಲಿ, ಎಣ್ಣೆ ಬಾಟಲಿಯ ಅಡಿಗೆ ತಟ್ಟೆ ಇರಲಿ.

ಬಟ್ಟೆ ಒಣಹಾಕುವ ಪುಲ್ಲಿ ಹಗ್ಗ ಕೈ ಮೇಲೆತ್ತಿ, ತಲೆಯೆತ್ತಿ ಎಳೆಯುವಂಥದ್ದು. ತಲೆ ಹಿಂದಕ್ಕೆ ವಾಲಿಸಿದಾಗ ಕೆಲವರಿಗೆ ತಲೆಸುತ್ತು ಬರುತ್ತದೆ. ಎದೆಯೆತ್ತರದ ಸ್ಟ್ಯಾಂಡ್ ಇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಅವರ ಓಡಾಟದ ದಾರಿಯಲ್ಲಿ ತೊಟ್ಟಿಕ್ಕುತ್ತಾ ನಿಲ್ಲದಂತೆ ಜಾಗ ಮೊದಲೇ ಗೊತ್ತುಮಾಡಿ. ಸೋಫಾಕ್ಕಿಂತ ಅವರಿಗೆಂದೇ ಒಂದು ಕುರ್ಚಿ ಬೇಕು, ಅದರ ಕೈಗಳು ಸೀಟಿನ ಮುಂಭಾಗದವರೆಗೂ ಚಾಚಿರಬೇಕು.

ಬಿದ್ದಾಗ ಕೂಗು ಕೇಳಿಸುವ ಏರ್ಪಾಡು ಇಲ್ಲದೆ ಹಗಲು ಒಬ್ಬರನ್ನೇ ಬಿಡಬಾರದು. ಬಾತ್‌ರೂಮಿನಲ್ಲಿ ನೀರು ತಾಗಿದರೂ ಕೆಡದ ವೈರ್‌ಲೆಸ್ ಬೆಲ್ಲನ್ನು ಎರಡು ಕಡೆ ಹಾಕಿ: ಕಮೋಡಿನ ಪಕ್ಕ ಒಂದು, ನೆಲಕ್ಕೆ ಬಿದ್ದವರಿಗೂ ಎಟುಕುವಂತೆ ನೆಲದಿಂದ ಅರ್ಧ ಅಡಿ ಮೇಲೆ ಇನ್ನೊಂದು. ಅದರ ಗಂಟೆ ಪಕ್ಕದ ಮನೆಯಲ್ಲಿರಲಿ, ಸೇಫ್ಟಿ ಡೋರಿನ ಒಂದು ಕೀಲಿಯೂ ಅವರ ಬಳಿ ಇರಲಿ. ಒಳಗಿನಿಂದ ಅಡ್ಡ ಬೋಲ್ಟ್ ಹಾಕಿಕೊಂಡರೆ ಆ ಕೀಲಿ ಉಪಯೋಗಕ್ಕೆ ಬಾರದು, ಹಗಲು ಲ್ಯಾಚ್ ಮಾತ್ರ ಸಾಕೆಂದು ಅಮ್ಮನಿಗೆ ಮನವರಿಕೆ ಮಾಡಿ. ಫೋನಿನಲ್ಲಿ 112, ಹಿರಿಯ ನಾಗರಿಕರ ಸಹಾಯವಾಣಿ 14567 ಎರಡನ್ನೂ ಒಂದೇ ಒತ್ತಿಗೆ ಬರುವಂತೆ ಮಾಡಿಡಿ.

ಕೆಲಸದ ಕ್ರಮ ಹೀಗಿರಲಿ: ಕಾಲೊರಸು, ದೀಪ, ಬೆಲ್, ಲ್ಯಾಚ್, ಗೀಸರ್ ಈ ವಾರವೇ. ಬಾಗಿಲು, ಪಟ್ಟಿ, ನೆಲ ಅಮ್ಮ ಬರುವ ಮುಂಚೆ, ಯಾಕೆಂದರೆ ಒಡೆಯುವ ದಿನಗಳಲ್ಲಿ ಧೂಳೂ ಸಾಮಾನೂ ದಾರಿಗಡ್ಡ. ಬಾರ್, ಕಮೋಡ್ ಸೀಟು, ಸ್ನಾನದ ಕುರ್ಚಿ, ಮಂಚ ಅಮ್ಮ ಬಂದ ಮೊದಲ ಎರಡು ಮೂರು ದಿನದಲ್ಲಿ, ಅವರ ಅಳತೆಗೆ. ಅಷ್ಟರವರೆಗೆ ಬಾತ್‌ರೂಮಿಗೆ ನಿಮ್ಮಲ್ಲೊಬ್ಬರು ಜೊತೆಗಿರಿ. ಗೋಡೆಗೆ ಆರಪಾರ ಪ್ಲೇಟ್ ಹಾಕಿಸುವಾಗ ಸ್ನಾನದ ಜಾಗದಲ್ಲಿ ಮುಂದೆ ಇನ್ನೊಂದು ಗ್ರ್ಯಾಬ್ ಬಾರ್‌ಗೆ ಬೇಕಾಗುವ ಪ್ಲೇಟನ್ನೂ ಈಗಲೇ ಕೂರಿಸಿ ತೂತು ಮುಚ್ಚಿಸಿಡಿ, ಎಲ್ಲಿದೆ ಎಂದು ಅಳತೆ ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ. ಮೊಣಕಾಲಿನ ಆಪರೇಶನ್ ಆದರೆ ಆಸ್ಪತ್ರೆಯಿಂದ ಬರುವ ದಿನವೇ ಅದು ಬೇಕಾಗುತ್ತದೆ.